24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್: ಪೆಟ್ಟಿಗೆ ಗಟ್ಟಿ, ಮೆನು ತರ್ಲೆ

ಮ್ಯಾನೇಜ್ಡ್ ಅಂದರೆ ಬ್ರೌಸರಿನ ಮೆನುವಿನಿಂದ ಸೆಟ್ಟಿಂಗ್ ಬದಲಿಸಬಹುದಾದ ನೆಟ್‌ವರ್ಕ್ ಸ್ವಿಚ್. ಎಲ್ಲ ಪೋರ್ಟೂ ಗಿಗಾಬಿಟ್. ಫ್ಯಾನ್ ಇಲ್ಲ, ಸದ್ದೂ ಇಲ್ಲ. ಕೆಲವು ವರ್ಷಗಳಿಂದ ಹಗಲು ರಾತ್ರಿ ಓಡುತ್ತಿದೆ, ತಾನಾಗಿ ಒಮ್ಮೆಯೂ ನಿಂತಿಲ್ಲ. ಹಾರ್ಡ್‌ವೇರ್ ಬಗ್ಗೆ ಇಷ್ಟು ಸಾಕು.

ನಾನಿದನ್ನು ತಗೊಂಡಿದ್ದು ಎರಡು ಕೆಲಸಕ್ಕೆ. ಸ್ಟೋರೇಜ್ ಸರ್ವರ್‌ಗೆ ಎರಡು ಕೇಬಲ್ ಸೇರಿಸಿ ಲ್ಯಾಗ್ (ಹಲವು ಕೇಬಲ್‌ಗಳನ್ನು ಒಂದೇ ಲಿಂಕ್ ಆಗಿ ಕಟ್ಟುವುದು) ಮಾಡುವುದು, ಕ್ಯಾಮೆರಾಗಳನ್ನೂ ಅತಿಥಿಗಳ ವೈಫೈಯನ್ನೂ ಬೇರೆ ಬೇರೆ ವಿಲ್ಯಾನ್‌ಗೆ (ಒಂದೇ ಸ್ವಿಚ್‌ನೊಳಗಿನ ಪ್ರತ್ಯೇಕ ನೆಟ್‌ವರ್ಕ್) ಹಾಕುವುದು. ಎರಡೂ ನಡೆಯುತ್ತಿವೆ. ಆದರೆ ಮೆನು ಮಾಡಿದವರು ಅದನ್ನು ತಾವೇ ಒಂದು ದಿನವೂ ಬಳಸಿದಂತಿಲ್ಲ.

ಎರಡು ಕೇಬಲ್ ಹಾಕಿದರೆ ವೇಗವೂ ಎರಡರಷ್ಟು ಅಂದುಕೊಂಡು ಲ್ಯಾಗ್ ಮಾಡಬೇಡಿ. ಒಂದು ಕಂಪ್ಯೂಟರಿನಿಂದ ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 110 ಎಂಬಿ ಆಸುಪಾಸು, ಒಂದು ಕೇಬಲ್ ಇದ್ದಾಗಲೂ ಅಷ್ಟೇ ಬರುತ್ತದೆ. ಪ್ಯಾಕೆಟ್‌ಗಳು ಹಿಂದುಮುಂದಾಗಬಾರದು, ಹಾಗಾಗಿ ಒಂದು ಕನೆಕ್ಷನ್ ಪೂರ್ತಿ ಒಂದೇ ಕೇಬಲ್ ಹಿಡಿದು ಹೋಗುತ್ತದೆ. ಲಾಭ ಕಾಣುವುದು ಹಲವರು ಒಟ್ಟಿಗೆ ಎಳೆಯುವಾಗ.

ಅದಕ್ಕೂ ಹ್ಯಾಶ್ ಸೆಟ್ಟಿಂಗ್, ಅಂದರೆ ಯಾವ ಕನೆಕ್ಷನ್ ಯಾವ ಕೇಬಲ್‌ಗೆ ಅಂತ ನಿರ್ಧರಿಸುವ ಲೆಕ್ಕ, ಸರಿ ಇರಬೇಕು. ಇದರಲ್ಲಿ ಡಿಫಾಲ್ಟ್ ಮ್ಯಾಕ್ ಹ್ಯಾಶ್, ಅಂದರೆ ಸಾಧನದ ಹಾರ್ಡ್‌ವೇರ್ ವಿಳಾಸ (ಮ್ಯಾಕ್) ನೋಡಿ ಹಂಚುವುದು. ರೂಟರ್ ದಾಟಿ ಸರ್ವರ್‌ಗೆ ಬರುವ ಟ್ರಾಫಿಕ್‌ಗೆಲ್ಲ ರೂಟರಿನದೇ ಮ್ಯಾಕ್, ಅಲ್ವಾ? ಎಲ್ಲವೂ ಒಂದೇ ಕೇಬಲ್‌ಗೆ ಬಿದ್ದು ಇನ್ನೊಂದು ಸುಮ್ನೆ ಕೂತಿರುತ್ತದೆ. ಐಪಿ ಮತ್ತು ಟಿಸಿಪಿ ಪೋರ್ಟ್ ಸಂಖ್ಯೆ (ಸ್ವಿಚ್‌ನ ಪೋರ್ಟ್ ಅಲ್ಲ) ನೋಡುವ ಹ್ಯಾಶ್‌ಗೆ ಬದಲಿಸಿದ ಮೇಲೆ ಎರಡೂ ಕೇಬಲ್‌ಗಳ ಟ್ರಾಫಿಕ್ ಕೌಂಟರ್ ಏರತೊಡಗಿದವು. ಇನ್ನೊಂದು ವಿಷಯ: ಸ್ವಿಚ್ ಹಂಚುವುದು ತಾನು ಕಳಿಸುವುದನ್ನು ಮಾತ್ರ. ಸರ್ವರಿನಿಂದ ಬರುವುದಕ್ಕೆ ಸರ್ವರ್‌ನಲ್ಲೇ ಬದಲಿಸಬೇಕು. ಲಿನಕ್ಸ್‌ನಲ್ಲಿ ಲ್ಯಾಗ್ ಮಾಡುವ ಬಾಂಡಿಂಗ್‌ನ ಡಿಫಾಲ್ಟ್ ಹ್ಯಾಶ್ ಕೂಡ ಮ್ಯಾಕ್‌ನದೇ.

ಸ್ಟ್ಯಾಟಿಕ್ ಲ್ಯಾಗ್ ಬಿಟ್ಟು, ಎರಡೂ ಬದಿ ಆಗಾಗ ಸಂದೇಶ ಕಳಿಸಿ ಲಿಂಕ್ ಪರೀಕ್ಷಿಸುವ ಎಲ್‌ಎಸಿಪಿಯನ್ನೇ ಆರಿಸಿ. ನಡುವೆ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್‌ನಿಂದ ಫೈಬರ್‌ಗೆ ಬದಲಿಸುವ ಪೆಟ್ಟಿಗೆ) ಇದ್ದರೆ ಆಚೆ ಬದಿ ಕೇಬಲ್ ಕಿತ್ತರೂ ಈಚೆ ಲೈಟ್ ಉರಿಯುತ್ತಲೇ ಇರಬಹುದು. ಸ್ಟ್ಯಾಟಿಕ್ ಲ್ಯಾಗ್‌ಗೆ ಅದು ಗೊತ್ತೇ ಆಗುವುದಿಲ್ಲ. ಎಲ್‌ಎಸಿಪಿಗೆ ಗೊತ್ತಾಗುತ್ತದೆ: ಲಾಂಗ್ ಟೈಮ್‌ಔಟ್‌ನಲ್ಲಿ 90 ಸೆಕೆಂಡ್, ಶಾರ್ಟ್‌ನಲ್ಲಿ 3.

ಈಗ ತರ್ಲೆ ಭಾಗ. ಇದರಲ್ಲಿ ವಿಲ್ಯಾನ್ ಸದಸ್ಯತ್ವ ಒಂದು ಪುಟದಲ್ಲಿ, ಪಿವಿಐಡಿ, ಅಂದರೆ ಟ್ಯಾಗ್ (ವಿಲ್ಯಾನ್ ಸಂಖ್ಯೆಯ ಗುರುತು) ಇಲ್ಲದೆ ಒಳಗೆ ಬಂದದ್ದು ಯಾವ ವಿಲ್ಯಾನ್‌ಗೆ ಅನ್ನುವ ಸಂಖ್ಯೆ, ಇನ್ನೊಂದರಲ್ಲಿ. 5ನೇ ಪೋರ್ಟನ್ನು ವಿಲ್ಯಾನ್ 20ಕ್ಕೆ ಅನ್‌ಟ್ಯಾಗ್ಡ್ ಮಾಡಿದಿರಿ ಅನ್ನಿ. ಹೊರಗೆ ಹೋಗುವುದು ಸರಿ. ಪಿವಿಐಡಿ ಮಾತ್ರ 1ರಲ್ಲೇ ಇರುತ್ತದೆ, ಒಳಗೆ ಬಂದದ್ದೆಲ್ಲ ವಿಲ್ಯಾನ್ 1ಕ್ಕೆ ಬೀಳುತ್ತದೆ. ಹಳೆಯ ಸದಸ್ಯತ್ವವನ್ನೂ ತೆಗೆಯದಿದ್ದರೆ ಅತಿಥಿಯ ಲ್ಯಾಪ್‌ಟಾಪ್‌ಗೆ ನಿಮ್ಮ ಮುಖ್ಯ ನೆಟ್‌ವರ್ಕಿನ ಐಪಿಯೇ ಸಿಗುತ್ತದೆ. ಇಂಟರ್‌ನೆಟ್ ಚೆನ್ನಾಗಿಯೇ ಬರುವುದರಿಂದ ಯಾರೂ ದೂರು ಹೇಳುವುದಿಲ್ಲ. ಎರಡೂ ಪುಟ ನೋಡದೆ ಬಿಡಬೇಡಿ.

ಲ್ಯಾಗ್ ಮೊದಲು, ವಿಲ್ಯಾನ್ ಆಮೇಲೆ. ಪೋರ್ಟುಗಳು ಲ್ಯಾಗ್‌ಗೆ ಸೇರಿದ ಕೂಡಲೇ ಅವುಗಳ ಹಳೆಯ ವಿಲ್ಯಾನ್ ಸೆಟ್ಟಿಂಗ್ ಲೆಕ್ಕಕ್ಕಿಲ್ಲ. ಲ್ಯಾಗ್ ಹೊಸ ಪೋರ್ಟಿನ ಹಾಗೆ ವಿಲ್ಯಾನ್ 1ರಲ್ಲಿ ಮಾತ್ರ ಇರುತ್ತದೆ, ಟ್ಯಾಗ್‌ಗಳನ್ನು ಅದಕ್ಕೇ ಕೊಡಬೇಕು. ಮ್ಯಾನೇಜ್‌ಮೆಂಟ್ ವಿಲ್ಯಾನ್ (ಸ್ವಿಚ್‌ನ ಮೆನು ಸಿಗುವ ವಿಲ್ಯಾನ್) ಬದಲಿಸುವ ಮುಂಚೆ ಒಂದು ಪೋರ್ಟನ್ನು ಆ ವಿಲ್ಯಾನ್‌ಗೆ ಹಾಕಿಟ್ಟುಕೊಳ್ಳಿ. ಇಲ್ಲದಿದ್ದರೆ ಮೆನು ಕೈತಪ್ಪುತ್ತದೆ; ಸೇವ್ ಮಾಡಿರದಿದ್ದರೆ ಕರೆಂಟ್ ತೆಗೆದು ಹಾಕಿದರೆ ಸಾಕು, ಮಾಡಿದ್ದರೆ ಫ್ಯಾಕ್ಟರಿ ರೀಸೆಟ್ಟೇ ಗತಿ.

ಅಪ್ಲೈ ಒತ್ತಿದರೆ ಸೇವ್ ಆಗುವುದಿಲ್ಲ, ಅದಕ್ಕೆ ಬೇರೆ ಬಟನ್ ಇದೆ. ಕಮಾಂಡ್ ಲೈನ್ ಇಲ್ಲ. ಯಾವ ಪೋರ್ಟ್ ಯಾವ ವಿಲ್ಯಾನ್‌ನಲ್ಲಿದೆ ಅಂತ ಒಟ್ಟಿಗೆ ತೋರಿಸುವ ಪುಟವೂ ಇಲ್ಲ, ಹಾಗಾಗಿ ಪಟ್ಟಿಯನ್ನು ನಾನು ಸ್ಪ್ರೆಡ್‌ಶೀಟ್‌ನಲ್ಲೇ ಇಟ್ಟುಕೊಂಡಿದ್ದೇನೆ.