ರಿಮೋಟಿನ ಕೋಡನ್ನು ಫೋನಿನಲ್ಲಿ ಯಾರೂ ‘ಆಕ್ಟಿವೇಟ್’ ಮಾಡಿಕೊಡುವುದಿಲ್ಲ

ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದು, ಹಬ್ಬಕ್ಕೆ ಹೋದಾಗ ಅವರ ಟಿವಿ, ರಿಮೋಟು, ಫೋನು ಸರಿಮಾಡಿಕೊಟ್ಟು ವಾಪಸ್ ಬಸ್ಸು ಹತ್ತುವ ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ 250 ರೂಪಾಯಿಯ ಒಂದು ಯೂನಿವರ್ಸಲ್ ರಿಮೋಟಿನಿಂದ (ಹಲವು ಕಂಪನಿಗಳ ಟಿವಿಗೆ ಹೊಂದಿಸಬಹುದಾದ ರಿಮೋಟು) ಶುರುವಾದದ್ದು ಅಪ್ಪನ ಪಿಂಚಣಿ ಖಾತೆಯಿಂದ 48,498 ರೂಪಾಯಿ ಹೋಗುವವರೆಗೆ ಮುಟ್ಟಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಲ್ಲಿನ ಮಳೆಗಾಲ ಗೊತ್ತಿದ್ದವರಿಗೆ ಗೊತ್ತು, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಈ ಸಲ ಗೌರಿ ಹಬ್ಬಕ್ಕೆ ಹೋದಾಗ ಟಿವಿ ರಿಮೋಟು ಕೈಕೊಟ್ಟಿತ್ತು. ಹಿಂದಿನ ಮುಚ್ಚಳ ತೆಗೆದರೆ ಸೆಲ್ಲು ಸೋರಿ ಸ್ಪ್ರಿಂಗಿಗೆಲ್ಲ ಹಸಿರು ಕಿಲುಬು. ಕೆರೆದು ಒರೆಸಿ ಹೊಸ ಸೆಲ್ಲು ಹಾಕಿದೆ, ಏನೂ ಆಗಲಿಲ್ಲ. ರಿಮೋಟಿನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ ನೋಡಿದೆ. ರಿಮೋಟು ಜೀವಂತ ಇದ್ದರೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕ್ಯಾಮೆರಾದಲ್ಲಿ ನೇರಳೆ ಚುಕ್ಕಿಯಂತೆ ಮಿನುಗುತ್ತದೆ. (ಕೆಲವು ಫೋನುಗಳ ಹಿಂದಿನ ಕ್ಯಾಮೆರಾ ಈ ಬೆಳಕನ್ನು ಸೋಸಿಬಿಡುತ್ತದೆ, ಅದಕ್ಕೇ ಸೆಲ್ಫಿ ಕ್ಯಾಮೆರಾ.) ಚುಕ್ಕಿ ಕಾಣಲಿಲ್ಲ. ಪೇಟೆಗೆ ಹೋಗಿ ಯೂನಿವರ್ಸಲ್ ರಿಮೋಟು ತಂದೆ.

ಅದರ ಜೊತೆ ಎಂಟು ಮಡಿಕೆಯ ಒಂದು ಚೀಟಿ ಇತ್ತು. ಇರುವೆ ಸಾಲಿನಂಥ ಅಕ್ಷರದಲ್ಲಿ ಟಿವಿ ಕಂಪನಿಗಳ ಹೆಸರು, ಎದುರಿಗೆ ಕೋಡುಗಳು, ಅಂದರೆ ರಿಮೋಟನ್ನು ಆ ಟಿವಿಗೆ ಹೊಂದಿಸುವ ಅಂಕಿಗಳು. ಸೆಟ್ ಬಟನ್ನನ್ನು ಕೆಂಪು ದೀಪ ಹತ್ತುವವರೆಗೆ ಒತ್ತಿ ಹಿಡಿಯಬೇಕು, ಕೋಡಿನ ಅಂಕಿಗಳನ್ನು ಒತ್ತಬೇಕು, ಕೋಡು ಕೂತರೆ ದೀಪ ಆರುತ್ತದೆ. ಒಂದೇ ಕಂಪನಿಗೆ ಹತ್ತಾರು ಕೋಡುಗಳಿರುತ್ತವೆ, ಒಂದೊಂದಾಗಿ ಪರೀಕ್ಷಿಸಬೇಕು. ನಮ್ಮ ಟಿವಿಯ ಹೆಸರು ಆ ಚೀಟಿಯಲ್ಲಿ ಇರಲೇ ಇಲ್ಲ. ಹಾಗಾಗಿ ಎರಡನೆಯ ದಾರಿ ಹಿಡಿದೆ, ಆಟೋ ಸರ್ಚ್. ರಿಮೋಟನ್ನು ಟಿವಿಗೆ ಹಿಡಿದು ಕೂತರೆ ಅದು ತನ್ನಲ್ಲಿರುವ ಕೋಡುಗಳನ್ನು ಒಂದರ ಹಿಂದೆ ಒಂದು ಕಳಿಸುತ್ತಾ ಹೋಗುತ್ತದೆ. ಟಿವಿ ಆಫ್ ಆದ ತಕ್ಷಣ ಓಕೆ ಒತ್ತಬೇಕು. ಒಂದು ಕ್ಷಣ ತಡವಾದರೂ ಅದು ಮುಂದಿನ ಕೋಡಿಗೆ ಹೋಗಿರುತ್ತದೆ, ಮತ್ತೆ ಮೊದಲಿಂದ ಶುರು. ಮೂರನೇ ಸುತ್ತಿಗೆ ಸಿಕ್ಕಿತು. ಪವರ್ ಆಯಿತು, ವಾಲ್ಯೂಮ್ ಆಯಿತು, ಅಮ್ಮನ ಧಾರಾವಾಹಿಯೂ ಬಂತು. ಆ ರಾತ್ರಿಯೇ ಬೆಂಗಳೂರಿನ ಬಸ್ಸು ಹತ್ತಿದೆ.

ನನ್ನ ತಪ್ಪು ಅಲ್ಲಿಯೇ ಆಗಿತ್ತು. ಆಟೋ ಸರ್ಚ್‌ನಲ್ಲಿ ಯಾವ ಕೋಡು ಕೂತಿತು ಎಂದು ನಮ್ಮ ರಿಮೋಟು ಹೇಳುವುದಿಲ್ಲ. ಬರೆದಿಡಲು ಏನೂ ಇರಲಿಲ್ಲ, ಹೇಗೆ ಮಾಡಿದೆ ಎಂಬುದನ್ನಾದರೂ ಬರೆದಿಡಬಹುದಿತ್ತು, ಅದನ್ನೂ ಮಾಡಲಿಲ್ಲ. ಇಂಥ ಅಗ್ಗದ ರಿಮೋಟುಗಳಲ್ಲಿ ಕೆಲವಕ್ಕೆ ಸೆಲ್ಲು ತೆಗೆದರೆ ನೆನಪು ಅಳಿಸಿಹೋಗುತ್ತದೆ ಎಂಬುದನ್ನೂ ಪರೀಕ್ಷಿಸಲಿಲ್ಲ. ಟಿವಿಯ ಕೆಳ ಅಂಚಿನಲ್ಲಿ ಒಂದು ಬಟನ್ ಇದೆ, ರಿಮೋಟೇ ಇಲ್ಲದಿದ್ದರೂ ಅದನ್ನು ಒತ್ತಿ ಟಿವಿ ಹಾಕಬಹುದು ಎಂದು ಅಪ್ಪನಿಗೆ ತೋರಿಸಲೂ ಇಲ್ಲ.

ಒಂದೂವರೆ ತಿಂಗಳಿಗೆ ಸೆಲ್ಲು ಮುಗಿಯಿತು. ಅಮ್ಮ ಹಳೆಯ ಸೆಲ್ಲು ತೆಗೆದಿಟ್ಟಳು, ಅಪ್ಪ ಮರುದಿನ ಪೇಟೆಯಿಂದ ಹೊಸದು ತಂದರು. ಒಂದು ರಾತ್ರಿ ಖಾಲಿ ಇದ್ದ ರಿಮೋಟು ಎಲ್ಲವನ್ನೂ ಮರೆತಿತ್ತು. ಅಪ್ಪ ನನಗೆ ಫೋನ್ ಮಾಡಿದರು. ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, “ಕೋಡು ಹೋಗಿರ್ಬೇಕು ಅಪ್ಪ, ಸಂಜೆ ನೋಡೋಣ” ಎಂದು ಇಟ್ಟುಬಿಟ್ಟೆ. ಅವರಿಗೆ ನನ್ನ ಮಾತಿನಲ್ಲಿ ಉಳಿದದ್ದು ‘ಕೋಡು’ ಎಂಬ ಒಂದು ಪದ. ಮಗನಿಗೆ ಯಾಕೆ ತೊಂದರೆ ಅಂತ ತಾವೇ ಗೂಗಲ್‌ನಲ್ಲಿ ಟಿವಿ ಕಂಪನಿಯ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಹುಡುಕಿದರು. ಮೇಲೆಯೇ ಒಂದು ಮೊಬೈಲ್ ನಂಬರ್ ಸಿಕ್ಕಿತು. ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ದುಂಡಗೆ ಬರೆದುಕೊಂಡು ಕರೆ ಮಾಡಿದರು.

ಮೊದಲು ಎತ್ತಿದವನು ಹಿಂದಿಯಲ್ಲಿ ಮಾತಾಡಿದ. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೇ. ತಕ್ಷಣ ಕರೆ ಇನ್ನೊಬ್ಬನಿಗೆ ಹೋಯಿತು. “ನಮಸ್ಕಾರ ಸರ್, ಊಟ ಆಯ್ತಾ? ಏನೂ ಚಿಂತೆ ಮಾಡ್ಬೇಡಿ, ನಿಮ್ ರಿಮೋಟ್ ಕೋಡ್ ಎಕ್ಸ್‌ಪೈರ್ ಆಗಿದೆ, ಐದು ನಿಮಿಷದಲ್ಲಿ ಆಕ್ಟಿವೇಟ್ ಮಾಡಿಕೊಡ್ತೀನಿ.” ಅಪ್ಪ ಆಮೇಲೆ ನನಗೆ ಹೇಳಿದ್ದು ಇದನ್ನೇ: “ಕನ್ನಡದಲ್ಲಿ ಮಾತಾಡಿದ ಕಣೋ, ನಮ್ಮ ಕಡೆಯವನೇ ಅಂದುಕೊಂಡೆ.”

ಅವನು ಪ್ಲೇ ಸ್ಟೋರ್‌ನಿಂದ ಒಂದು ಆ್ಯಪ್ ಹಾಕಿಸಿದ. ಅದು ಕಳ್ಳ ಆ್ಯಪ್ ಅಲ್ಲ. ದೂರದಲ್ಲಿ ಕೂತು ಕಂಪ್ಯೂಟರ್ ಸರಿಮಾಡುವವರು ದಿನವೂ ಬಳಸುವ, ನಮ್ಮ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವ ಅಸಲಿ ಆ್ಯಪ್. ತೆರೆದಾಗ ಪರದೆಯ ಮೇಲೆ ಉದ್ದನೆಯ ಒಂದು ಸಂಖ್ಯೆ ಬರುತ್ತದೆ. “ಅದೇ ಸರ್ ನಿಮ್ಮ ರಿಮೋಟಿನ ಕೋಡು, ಓದಿ ಹೇಳಿ” ಎಂದ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು. ಮಗ ಹೇಳಿದ ಕೋಡು ಕೊನೆಗೂ ಸಿಕ್ಕಿತು ಎಂದುಕೊಂಡರು. ಅಲ್ಲಿಂದ ಮುಂದೆ ಅಪ್ಪನ ಫೋನಿನಲ್ಲಿ ಬಂದದ್ದೆಲ್ಲ ಅವನಿಗೆ ಕಾಣುತ್ತಿತ್ತು. ಹತ್ತು ರೂಪಾಯಿ ಆಕ್ಟಿವೇಶನ್ ಶುಲ್ಕ ಎಂದು ಲಿಂಕ್ ಕಳಿಸಿ ಡೆಬಿಟ್ ಕಾರ್ಡಿನ ನಂಬರು, ಅವಧಿ, ಹಿಂಬದಿಯ ಮೂರು ಅಂಕಿ ತುಂಬಿಸಿದ. ಒಟಿಪಿ ಬಂದದ್ದನ್ನು ಅಪ್ಪ ಯಾರಿಗೂ ಹೇಳಲಿಲ್ಲ. ಹೇಳಬಾರದು ಎಂದು ಅವರಿಗೆ ಚೆನ್ನಾಗಿ ಗೊತ್ತು. ಹೇಳುವ ಅಗತ್ಯವೇ ಇರಲಿಲ್ಲ, ಅವನು ಪರದೆಯಲ್ಲಿ ಓದಿಕೊಂಡ. 19,999, ಮತ್ತೆ 19,999, ಕೊನೆಗೆ 8,500.

ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಈ ಬಗೆಯ ಮೋಸದ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು, ಆ್ಯಪ್ ತೋರಿಸುವ ಒಂಬತ್ತು ಅಂಕಿಯನ್ನು ಕೇಳುತ್ತಾರೆ ಎಂಬ ವಿವರದ ಸಮೇತ. ಅದು ನಮ್ಮ ಅಪ್ಪನ ತನಕ ತಲುಪಲಿಲ್ಲ. ನಾನು ತಲುಪಿಸಲಿಲ್ಲ.

ಅಪ್ಪ ಇದನ್ನು ನಾಲ್ಕು ಗಂಟೆ ಯಾರಿಗೂ ಹೇಳದೆ ಜಗಲಿಯಲ್ಲಿ ಕೂತಿದ್ದರಂತೆ. ದೀಪ ಹಚ್ಚುವ ಹೊತ್ತಿಗೆ ಅಮ್ಮ ಫೋನ್ ಮಾಡಿದಳು. “ಅಪ್ಪ ಕಾಫಿನೂ ಕುಡಿದಿಲ್ಲ, ಮಾತೂ ಆಡ್ತಿಲ್ಲ, ನೀನೇ ಕೇಳು” ಅಂದಳು. ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಬೈಯಲಿಲ್ಲ, ದೇವರ ದಯೆ. ಮೊದಲು ಆ್ಯಪ್ ತೆಗೆಸಿ ಫೋನಿನ ಇಂಟರ್ನೆಟ್ ಆಫ್ ಮಾಡಿಸಿದೆ, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಕರೆ ಮಾಡಿಸಿ ಕಾರ್ಡ್ ಬ್ಲಾಕ್ ಮಾಡಿಸಿದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿಸಿದೆ. ಮರುದಿನ ನಾನೇ ಹೋಗಿ ಅಪ್ಪನನ್ನು ಶಿವಮೊಗ್ಗದ ಸಿಇಎನ್ ಠಾಣೆಗೆ (ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆ) ಕರೆದೊಯ್ದೆ. ಕೊನೆಯ 8,500 ರೂಪಾಯಿ ಇನ್ನೂ ಮುಂದಕ್ಕೆ ಹೋಗದೆ ಒಂದು ಕಡೆ ತಡೆಯಲ್ಪಟ್ಟಿತ್ತು. ಉಳಿದದ್ದು ಕೈಯಿಂದ ಕೈಗೆ ದಾಟಿಹೋಗಿದೆ. ಆ ನಾಲ್ಕು ಗಂಟೆ ನಮ್ಮ ಬಳಿ ಇದ್ದಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರ ಮೇಲೆ, ತಿಳಿಸಿದ ಮೇಲಿನದ್ದು ಬ್ಯಾಂಕಿನ ಮೇಲೆ. ಆದ್ದರಿಂದ ನಾಚಿಕೆ, ಬೇಜಾರು ಎಲ್ಲ ಆಮೇಲೆ, ಮೊದಲು ಫೋನ್ ಎತ್ತಿ.

ಅಪ್ಪ ಅಮ್ಮನಿಗೆ ಇದೊಂದನ್ನು ಬಿಡಿಸಿ ಹೇಳಿ. ಇಂಥ ರಿಮೋಟಿಗೂ ಫೋನಿಗೂ ಯಾವ ಸಂಬಂಧವೂ ಇಲ್ಲ. ಕೋಡುಗಳೆಲ್ಲ ರಿಮೋಟಿನೊಳಗಿನ ಚಿಪ್ಪಿನಲ್ಲೇ ಇರುತ್ತವೆ. ಬಟನ್ ಒತ್ತಿದಾಗ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ ಬೆಳಕು ರಿಮೋಟಿನಿಂದ ಟಿವಿಗೆ ಹೋಗುತ್ತದೆ, ಅಷ್ಟೇ. ಅದು ಗೋಡೆಯನ್ನೂ ದಾಟುವುದಿಲ್ಲ. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತವನು ಅದನ್ನು ಆಕ್ಟಿವೇಟ್ ಮಾಡುವುದಕ್ಕೆ ಸಾಧ್ಯವೇ ಇಲ್ಲ, ಕೋಡು ಎಕ್ಸ್‌ಪೈರ್ ಆಗುವುದೂ ಇಲ್ಲ. ನಿಜವಾದ ಕಂಪನಿಯವರು ಹೆಚ್ಚೆಂದರೆ “ಸೆಟ್ ಒತ್ತಿ ಹಿಡಿಯಿರಿ, ಈ ಅಂಕಿ ಒತ್ತಿ” ಎಂದು ಬಾಯಲ್ಲಿ ಹೇಳುತ್ತಾರೆ. ಆ್ಯಪ್ ಹಾಕಿಸುವವನು, ಹತ್ತು ರೂಪಾಯಿ ಕೇಳುವವನು ಕಳ್ಳನೇ. ಹುಡುಕಾಟದಲ್ಲಿ ಸಿಗುವ ನಂಬರನ್ನು ಯಾರು ಬೇಕಾದರೂ ಹಾಕಿರಬಹುದು. ಟಿವಿಯ ಬಿಲ್ಲು, ವಾರಂಟಿ ಕಾರ್ಡು, ಟಿವಿಯ ಬೆನ್ನಿನ ಸ್ಟಿಕ್ಕರು ಇವುಗಳಲ್ಲಿ ಅಚ್ಚಾಗಿರುವ ನಂಬರನ್ನು ಮಾತ್ರ ನಂಬಿ.

ರಿಮೋಟಿನ ಮಟ್ಟಿಗೆ ಹೇಳುವುದಾದರೆ, ಹಳೆಯದು ಪೂರ್ತಿ ಸಾಯುವ ಮೊದಲೇ ಕೆಲಸ ಮುಗಿಸಿ. ‘ಲರ್ನಿಂಗ್’ ಇರುವ ರಿಮೋಟು ತಂದರೆ ಎರಡೂ ರಿಮೋಟುಗಳ ಮೂತಿಯನ್ನು ಎದುರುಬದುರು ಮೂರ್ನಾಲ್ಕು ಬೆರಳಿನ ಅಂತರದಲ್ಲಿಟ್ಟು ಒಂದೊಂದೇ ಬಟನ್ ಕಲಿಸಬಹುದು, ಚೀಟಿಯ ಕೋಡಿನ ಗೊಡವೆಯೇ ಇಲ್ಲ. ಹಲವು ಸೆಟ್‌ಟಾಪ್ ಬಾಕ್ಸ್ ರಿಮೋಟುಗಳಲ್ಲೇ ಟಿವಿಯ ಪವರ್, ವಾಲ್ಯೂಮ್ ಕಲಿಸುವ ಬಟನ್ ಇರುತ್ತದೆ, ಆಗ ಹೊಸ ರಿಮೋಟೇ ಬೇಡ. ಕೋಡು ಹಾಕುವುದಾದರೆ ಪವರ್ ಒಂದನ್ನೇ ನೋಡಿ ಎದ್ದುಬಿಡಬೇಡಿ, ಟಿವಿಗೆ ಚಿತ್ರ ಎಲ್ಲಿಂದ ಬರಬೇಕೆಂದು ಆರಿಸುವ ಸೋರ್ಸ್ ಬಟನ್ನನ್ನೂ ನೋಡಿ. ಒಮ್ಮೆ ಎಚ್‌ಡಿಎಂಐ (ಸೆಟ್‌ಟಾಪ್ ಬಾಕ್ಸಿನ ವಯರು ಸಿಕ್ಕಿಸುವ ಜಾಗ) ತಪ್ಪಿ ಪರದೆ ‘ನೋ ಸಿಗ್ನಲ್’ ಎಂದರೆ ವಾಪಸ್ ಬರುವುದು ಅದರಿಂದಲೇ. ಆಮೇಲೆ ಸೆಲ್ಲು ತೆಗೆದು ಕಾಲು ಗಂಟೆ ಬಿಟ್ಟು ಮತ್ತೆ ಹಾಕಿ. ನೆನಪು ಹೋಗಿದ್ದರೆ ಆ ರಿಮೋಟನ್ನು ಅಂಗಡಿಗೆ ವಾಪಸ್ ಕೊಡಿ. ಟಿವಿಗೆ ಸಿಕ್ಕಿಸುವ ಸ್ಟಿಕ್ ಇರುವವರಿಗೆ ಇನ್ನೊಂದು ಮಾತು: ಅವುಗಳಲ್ಲಿ ಹೆಚ್ಚಿನವು ಬ್ಲೂಟೂತ್‌ನಿಂದ ನಡೆಯುತ್ತವೆ, ಇನ್‌ಫ್ರಾರೆಡ್ ರಿಮೋಟಿಗೆ ಎಷ್ಟು ಕೋಡು ಹಾಕಿದರೂ ಕೇಳುವುದಿಲ್ಲ.

ಹೋದ ವಾರ ಊರಿಗೆ ಹೋಗಿ ಬೇರೆ ರಿಮೋಟು ತಂದುಕೊಟ್ಟೆ. ಈ ಸಲ ಸೆಟ್ ಮಾಡಿದ್ದು ನಾನಲ್ಲ, ಅಪ್ಪ. ನಾನು ಪಕ್ಕದಲ್ಲಿ ಕೂತೆ. ಕ್ಯಾಲೆಂಡರಿನ ಆ ನಂಬರಿನ ಮೇಲೆ ಅವರೇ ಗೀಟು ಎಳೆದಿದ್ದಾರೆ. ರಿಮೋಟಿನ ಬೆನ್ನಿಗೆ ಅಂಟಿಸಿದ ಬಿಳಿ ಚೀಟಿಯಲ್ಲಿ ಕೋಡಿನ ನಾಲ್ಕು ಅಂಕಿ ಇದೆ, ಅದರ ಕೆಳಗೆ ಅಪ್ಪನ ದುಂಡನೆಯ ಅಕ್ಷರ: “ಕೆಂಪು ದೀಪ ಹತ್ತಿದ ಮೇಲೆ ಒತ್ತುವುದು. ಟಿವಿ ಕೆಳಗೆ ಬಟನ್ ಇದೆ. 1930.”