ಕಾಕಂಬಿ ಲೈನಿಗೆ ವಾಲ್ವ್ ತರುವ ಮುಂಚೆ ಇದನ್ನು ಓದಿ

ಮುಧೋಳದ ಹತ್ತಿರ ನಮ್ಮದೊಂದು ಸಣ್ಣ ಪಶು ಆಹಾರದ ಘಟಕ ಇದೆ. ಹಿಂಡಿ, ತೌಡಿಗೆ ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಮಂದ ಪಾಕ, ಬೆರೆಸುತ್ತೇವೆ. ಗಂಟೆಗೆ 600 ಲೀಟರ್ ಒಂದೇ ಸಮ ಹರಿಯಲಿ ಅಂತ ಬೆಳಗಾವಿಯ ಒಂದು ಅಂಗಡಿಯಿಂದ ಫ್ಲೋ ಕಂಟ್ರೋಲ್ ವಾಲ್ವ್ ತಂದೆ. 18,000 ರೂಪಾಯಿ. ಪೂರ್ತಿ ಮೋಸ ಹೋದೆ.

ಕಾಕಂಬಿಗೆ ಬೇಕು ಅಂತ ಎರಡು ಸಲ ಹೇಳಿದ್ದೆ. ಎರಡು ಸಲ! "ಎಲ್ಲಾದಕ್ಕೂ ನಡೀತೈತ್ರಿ ಸರ, ನಿಮ್ಮ ಕಡಿಯವ್ರು ಎಲ್ಲಾರೂ ಇದನ್ನ ಒಯ್ತಾರ" ಅಂದರು. ನಲ್ಲಿಗೆ ಜೋಡಿಸಿ ಬಕೆಟ್ಟಿಗೆ ನೀರು ಬಿಟ್ಟು ತೋರಿಸಿದರು. ನಿಮಿಷಕ್ಕೆ ಹತ್ತು ಲೀಟರ್, ಸರಿಯಾಗಿ ಗೆರೆ ಮುಟ್ಟಿತು. ನಾನು ಅಲ್ಲೇ ದುಡ್ಡು ಎಣಿಸಿ ಕೊಟ್ಟೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ನೀರು ಬಿಟ್ಟು ನೋಡಿದರೆ ಕಾಕಂಬಿ ಹೇಗೆ ಹೋಗುತ್ತದೆ ಅಂತ ಗೊತ್ತಾಗುತ್ತದಾ? ಆಗ ಹೊಳೆಯಲೇ ಇಲ್ಲ.

ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಪಂಪ್ ಚಾಲೂ ಮಾಡಿದೆವು. ವಾಲ್ವಿನ ಆಚೆ ಕಿರುಬೆರಳಿನಷ್ಟು ದಪ್ಪದ ಕಪ್ಪು ಎಳೆ ಇಳಿಯಿತು, ಸಣ್ಣಗಾಯಿತು, ನಿಂತಿತು. ಪೂರ್ತಿ ತೆರೆದರೂ ಅಷ್ಟೇ. ಪಂಪ್ ಮಾತ್ರ ಒದ್ದಾಡುತ್ತಿತ್ತು.

ಫೋನ್ ಮಾಡಿದೆ. "ಬಿಸಿ ಮಾಡ್ರಿ." ಮಾಡಿದೆವು. ಸ್ವಲ್ಪ ಹರಿಯಿತು, ಸಾಲಲಿಲ್ಲ. ಜಾಸ್ತಿ ಕಾಯಿಸಿದರೆ ಕಾಕಂಬಿಯೇ ಕೆಡುತ್ತದೆ. "ಹಂಗಾರ ಪಂಪ್ ದೊಡ್ಡದು ಹಾಕ್ರಿ." ಕೊನೆಗೆ ಬಂದ ಮಾತು: "ಬಿಲ್ಲಿನ್ಯಾಗ ಕಾಕಂಬಿ ಅಂತ ಎಲ್ಲಿ ಬರದೈತ್ರಿ?" ಮೈ ಉರಿದುಹೋಯಿತು. ಎರಡು ಸಲ ಹೇಳಿದ್ದೆ!

ಆಮೇಲೆ ಕ್ಯಾಟಲಾಗ್ ಬಿಡಿಸಿ ನೋಡಿದೆ. ಅದರಲ್ಲಿದ್ದ ಕೆವಿ ಅಂಕಿ ನೀರಿನದು. ವಾಲ್ವಿನ ಹಿಂದೆ ಮುಂದೆ ಒತ್ತಡದಲ್ಲಿ 1 ಬಾರ್ ವ್ಯತ್ಯಾಸ ಇದ್ದರೆ ಗಂಟೆಗೆ ಎಷ್ಟು ಘನ ಮೀಟರ್ ನೀರು ಹೋಗುತ್ತದೆ, ಅಷ್ಟೇ ಅದರ ಅರ್ಥ. ಕಾಕಂಬಿ ನೀರಿಗಿಂತ ಸುಮಾರು 1.4 ಪಟ್ಟು ಭಾರ. ಆ ಭಾರದಿಂದಲೇ ಹರಿವು ಶೇ 15ರಷ್ಟು ಇಳಿಯುತ್ತದೆ. ಅದು ಹೇಗೋ ನಡೆಯುತ್ತಿತ್ತು. ಕೆಲಸ ಕೆಡಿಸಿದ್ದು ಜಿಗುಟು, ಅಂದರೆ ಹರಿಯದಂತೆ ತಡೆಯುವ ಗುಣ (ವಿಸ್ಕಾಸಿಟಿ). ತಣ್ಣಗಿನ ಕಾಕಂಬಿಯ ಜಿಗುಟು ನೀರಿಗಿಂತ ಸಾವಿರಾರು ಪಟ್ಟು. ಅದಕ್ಕೆ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. ಅವರು ಹಾಕಲೇ ಇಲ್ಲ, ಕೇಳಲೂ ಇಲ್ಲ.

ಎಣ್ಣೆ, ಕಾಕಂಬಿ, ಸಕ್ಕರೆ ಪಾಕ, ಯಾವುದೇ ಇರಲಿ, ಹೆಸರು ಬಿಲ್ಲಿನಲ್ಲೇ ಬರೆಸಿ. ಚಳಿಗಾಲದ ಅತಿ ಕಡಿಮೆ ಉಷ್ಣತೆಯಲ್ಲಿ ಅದರ ಜಿಗುಟು ಎಷ್ಟು ಅಂತ ಕೊಡಿ, ಲೆಕ್ಕದ ಹಾಳೆಗೆ ಸಹಿ ಹಾಕಿಸಿಕೊಳ್ಳಿ. ಬಕೆಟ್ ತೋರಿಸಿದರೆ ಎದ್ದು ಬನ್ನಿ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಹುಡುಗರು ಡಬ್ಬಿಯಲ್ಲಿ ಅಳೆದು ಸುರಿಯುತ್ತಿದ್ದಾರೆ.