ರೆಡ್ ಆಕ್ಸೈಡ್ ನೆಲ: ಒಳಗೆ ನಡುಮನೆ, ಹೊರಗೆ ಜಗಲಿ

ಮೈಸೂರಿನ ನಮ್ಮ ಹಳೇ ಮನೆಯ ನಡುಮನೆಗೂ ಜಗಲಿಗೂ ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಉಜ್ಜಿ ನಯ ಮಾಡುವ ನೆಲ, ಹಾಕಿಸಿದ ಮೇಲೆ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಳೆದಿದೆ. ಹೊಸದರಲ್ಲಿ ಯಾವ ನೆಲವಾದರೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಷ್ಟು ಕಾದು ಬರೆಯುತ್ತಿದ್ದೇನೆ. ನನಗೆ ಈ ನೆಲ ತುಂಬಾ ಹಿಡಿಸಿದೆ. ಇನ್ನೊಂದು ಕೋಣೆಗೂ ಹಾಕಿಸುವವಳಿದ್ದೇನೆ. ಆದರೆ ಎಲ್ಲರ ಮನೆಗೂ, ಎಲ್ಲ ಕೋಣೆಗೂ ಇದು ಹೊಂದುವುದಿಲ್ಲ. ಸಾಮಾನು ಅಗ್ಗ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಕೆಲಸ ಗೊತ್ತಿರುವ ಕೈ ಸಿಗುವುದೇ ಕಷ್ಟ.

ಮನೆ ಮಾವನವರ ಕಾಲದ್ದು. ನಲ್ಲಿ ಪೈಪು ಬದಲಾಯಿಸಲು ನಡುಮನೆಯನ್ನು ಅಗೆದಾಗ ಹಳೇ ನೆಲ ಉದ್ದಕ್ಕೂ ಸೀಳಿಹೋಯಿತು. ಬಂದವರೆಲ್ಲ ಹೇಳಿದ್ದು ಒಂದೇ: ಇದರ ಮೇಲೇ ವಿಟ್ರಿಫೈಡ್ ಟೈಲ್ಸ್ ಅಂಟಿಸಿಬಿಡಿ, ಎರಡು ದಿನದ ಕೆಲಸ. ಹಾಗೆ ಮಾಡಿದರೆ ನೆಲ ಹತ್ತಿರ ಹತ್ತಿರ ಒಂದಿಂಚು ಮೇಲೆ ಬರುತ್ತದೆ. ತೇಗದ ಬಾಗಿಲುಗಳ ಬುಡ ಕತ್ತರಿಸಬೇಕು. ಹೊಸ್ತಿಲು ನೆಲದಲ್ಲಿ ಮುಳುಗಿದ ಹಾಗೆ ಕಾಣುತ್ತದೆ. ನಮ್ಮತ್ತೆಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ, ನನಗೂ ಇರಲಿಲ್ಲ. ಕೊನೆಗೆ ಹಳೇ ನೆಲವನ್ನು ಪೂರ್ತಿ ಕಿತ್ತು, ಅದೇ ಮಟ್ಟಕ್ಕೆ ಹೊಸದಾಗಿ ಆಕ್ಸೈಡ್ ನೆಲ ಮಾಡಿಸುವುದು ಎಂದು ತೀರ್ಮಾನವಾಯಿತು.

ಮೇಸ್ತ್ರಿ ಹುಡುಕುವುದಕ್ಕೆ ಹಿಡಿದಷ್ಟು ಸಮಯ ನೆಲ ಹಾಕುವುದಕ್ಕೂ ಹಿಡಿಯಲಿಲ್ಲ. ಈಗಿನ ಹುಡುಗರು ಟೈಲ್ಸ್ ಕೆಲಸದಲ್ಲಿ ಪಳಗಿದ್ದಾರೆ. ಆಕ್ಸೈಡ್ ಎಂದ ಕೂಡಲೇ "ಮಾಡ್ತೀವಿ ಮೇಡಂ" ಅನ್ನುತ್ತಾರೆ. ಹಿಂದೆ ಮಾಡಿದ್ದನ್ನು ತೋರಿಸಿ ಎಂದರೆ ಫೋನಿನಲ್ಲಿ ಯಾರದೋ ಮನೆಯ ಫೋಟೋ ಬರುತ್ತದೆ. ಒಬ್ಬ ಕಾಂಟ್ರಾಕ್ಟರು ನಮ್ಮ ಹಿತ್ತಲಲ್ಲಿ ಮಾದರಿಗೆಂದು ಒಂದು ಚಿಕ್ಕ ಚೌಕ ಹಾಕಿಕೊಟ್ಟರು. ವಾರ ಕಳೆಯುವುದರಲ್ಲಿ ಕೈಯಾಡಿಸಿದರೆ ಬೆರಳಿಗೆ ಕೆಂಪು ಪುಡಿ ಹತ್ತುತ್ತಿತ್ತು. ಅವರಿಗೆ ಅಲ್ಲೇ ಕೈಮುಗಿದೆ. ಆಮೇಲೆ ಪರಿಚಯದವರೊಬ್ಬರ ಮೂಲಕ ನಂಜನಗೂಡಿನ ಕಡೆಯ, ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಸಿಕ್ಕಿದರು. ಅವರು ಫೋಟೋ ತೋರಿಸಲಿಲ್ಲ. "ಬನ್ನಿ ಅಮ್ಮಾ, ನಾನು ಹಾಕಿದ ನೆಲದ ಮೇಲೆ ಕೂತು ಕಾಫಿ ಕುಡಿಯುವಿರಂತೆ" ಎಂದು ಒಂದು ಮನೆಗೆ ಕರೆದುಕೊಂಡು ಹೋದರು. ಆ ನೆಲ ನೋಡಿದ ಮೇಲೆ ಬೇರೆ ಮಾತೇ ಬೇಕಾಗಲಿಲ್ಲ.

ಇನ್ನು ಕೆಲಸದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನೆಲ ಚೆನ್ನಾಗಿ ಬರುವುದು ಕೆಡುವುದು ಎಲ್ಲ ಇಲ್ಲಿಯೇ ಇದೆ.

ಮೊದಲು ಕೆಳಗಿನ ಮಣ್ಣನ್ನು ನೀರು ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ ಜಲ್ಲಿ ಕಾಂಕ್ರೀಟು ಹಾಸಿದರು. ಅದು ಗಟ್ಟಿಯಾದ ಮೇಲೆ ಮರಳು ಸಿಮೆಂಟಿನ ಪದರ. ರಸಮಟ್ಟ ಇಟ್ಟು ನೋಡಿ, ಬಾಗಿಲ ಕಡೆಗೆ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟರು. ಈ ಪದರ ಹಸಿಯಾಗಿರುವಾಗಲೇ ಮೇಲಿನ ಕೆಂಪು ಪದರ ಬರಬೇಕು. ಕೆಳಗಿನದು ಒಣಗಿದ ಮೇಲೆ ಹಾಕಿದರೆ ಎರಡೂ ಒಂದಕ್ಕೊಂದು ಹಿಡಿಯುವುದಿಲ್ಲ. ಮುಂದೆ ಹಪ್ಪಳದಂತೆ ಏಳುತ್ತದೆ.

ಕೆಂಪು ಪದರಕ್ಕೆ ಅವರು ಒಂದು ಪಾಲು ಆಕ್ಸೈಡಿಗೆ ಮೂರು ಪಾಲು ಸಿಮೆಂಟು ಹಿಡಿದರು. ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಒಣದಾಗಿಯೇ ಬೆರೆಸಿ, ಜರಡಿ ಹಿಡಿದು, ಚೀಲಕ್ಕೆ ತುಂಬಿಟ್ಟರು. ಬುಟ್ಟಿ ಬುಟ್ಟಿಗೆ ಬೇರೆ ಬೇರೆಯಾಗಿ ಬೆರೆಸಿದರೆ ಒಂದು ಮೂಲೆ ಇಟ್ಟಿಗೆ ಬಣ್ಣ, ಇನ್ನೊಂದು ಮೂಲೆ ಕಂದು ಆಗುತ್ತದಂತೆ. ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡಿನ ಪುಡಿ, ತುಕ್ಕಿನ ಜಾತಿಯದೇ. ಹಾಗಾಗಿ ಬಿಸಿಲಿಗೆ ಈ ಬಣ್ಣ ಮಾಸುವುದಿಲ್ಲ. ಜಗಲಿಗೂ ಇದನ್ನೇ ಹಾಕಿಸುವ ಧೈರ್ಯ ಬಂದದ್ದು ಅದರಿಂದಲೇ.

ಆಮೇಲೆ ಶುರುವಾಯಿತು ಕರಣೆಯ ಕೆಲಸ. ಹರಡಿ ಒಂದು ಸಲ ಉಜ್ಜಿ ಎದ್ದುಬಿಡುವುದಲ್ಲ. ಉಜ್ಜಬೇಕು, ಬಿಡಬೇಕು, ಮೇಲೆ ಬಂದ ನೀರು ತಾನಾಗಿ ಆರುವವರೆಗೆ ಕಾಯಬೇಕು, ಮತ್ತೆ ಒತ್ತಿ ಉಜ್ಜಬೇಕು. ಒಂದೊಂದು ಸಲಕ್ಕೂ ಒತ್ತು ಹೆಚ್ಚಬೇಕು. ನೀರು ಬೇಗ ಎಳೆಯಲಿ ಎಂದು ಕೆಲವರು ಮೇಲೆ ಒಣ ಸಿಮೆಂಟು ಉದುರಿಸುತ್ತಾರೆ. ನಮ್ಮ ಮೇಸ್ತ್ರಿ ಅದನ್ನು ಮಾಡಗೊಡಲಿಲ್ಲ. ಜೊತೆಗಿದ್ದ ಹುಡುಗ ಕೈಹಾಕಿದಾಗ "ಬೇಡಪ್ಪ, ಮೇಲಿನ ಸಿಪ್ಪೆ ಬಿಟ್ಟುಕೊಳ್ತದೆ, ಕಾಯಿ" ಅಂದರು. ಹಿತ್ತಲಿನ ಆ ಮಾದರಿ ಚೌಕ ಪುಡಿ ಬಿಟ್ಟದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಕತ್ತಲಾದ ಮೇಲೂ ಅವರು ಹಲಗೆಯ ಮೇಲೆ ಮೊಣಕಾಲೂರಿ, ಬಲ್ಬಿನ ಬೆಳಕು ನೆಲದ ಮೇಲೆ ಓರೆಯಾಗಿ ಬೀಳುವ ಹಾಗೆ ಇಟ್ಟುಕೊಂಡು ಉಜ್ಜುತ್ತಿದ್ದರು. ಅಷ್ಟು ಹೊತ್ತು ಒಂದೇ ಕೆಲಸದ ಮೇಲೆ ಗಮನ ಇಟ್ಟವರನ್ನು ನಾನು ನೋಡಿದ್ದು ಕಡಿಮೆ. ಈ ವಿದ್ಯೆ ಅವರ ನಂತರ ಯಾರ ಕೈಗೆ ಹೋಗುತ್ತದೋ ಎಂದು ನಿಜವಾಗಿಯೂ ಚಿಂತೆಯಾಗುತ್ತದೆ.

ಗೋಡೆಯ ಸುತ್ತ ಆರಿಂಚು ಅಗಲದ ಕಪ್ಪು ಅಂಚು ಹಾಕಿಸಿದೆವು. ನಡುಮನೆ ದೊಡ್ಡದು, ಆದ್ದರಿಂದ ನೆಲವನ್ನು ನಾಲ್ಕಡಿ ಚೌಕಗಳಾಗಿ ಭಾಗ ಮಾಡಿ ನಡುವೆ ಗಾಜಿನ ಪಟ್ಟಿ ಕೂರಿಸಿದರು. ಸಿಮೆಂಟು ಒಣಗುವಾಗ ಕುಗ್ಗುತ್ತದೆ. ಪಟ್ಟಿ ಇಲ್ಲದಿದ್ದರೆ ತನಗೆ ಬೇಕಾದ ಕಡೆ ಬಿರಿಯುತ್ತದೆ, ಇದ್ದರೆ ಆ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ. ಗೆರೆಯೇ ಇಲ್ಲದ ಒಂದೇ ಹಾಸು ಬೇಕು ಎನ್ನುವವರು ಚಿಕ್ಕ ಕೋಣೆಯಲ್ಲಿ ಮಾಡಿಸಿಕೊಳ್ಳಲಿ.

ಮಾರನೇ ದಿನ ಬಾಗಿಲಿಗೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದರು. ನಮ್ಮ ಮನೆಯವರಿಗೆ ಇಲ್ಲಿ ತಾಳ್ಮೆ ತಪ್ಪಿತು. ಮೂರು ದಿನ ಸಾಕಲ್ವಾ ಅಂದರು. ಕಾಂಕ್ರೀಟಿಗೆ ನಮ್ಮ ದೇಶದಲ್ಲಿ ಪಾಲಿಸುವ ಐಎಸ್ 456 ಸಂಹಿತೆಯಲ್ಲಿ, ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕಡೇಪಕ್ಷ 7 ದಿನ, ಹಾರುಬೂದಿ ಬೆರೆತ ಪಿಪಿಸಿ ತರಹದ ಸಿಮೆಂಟಾದರೆ ಕಡೇಪಕ್ಷ 10 ದಿನ ತೇವ ಆರಬಾರದು ಎಂದಿದೆ. ಈಗ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವುದು ಹೆಚ್ಚಾಗಿ ಪಿಪಿಸಿಯೇ. ಮೇಸ್ತ್ರಿ ಈ ಸಂಹಿತೆ ಓದಿದವರಲ್ಲ, ಆದರೂ ಅವರು ಕೇಳಿದ್ದು ಎರಡು ವಾರ. ಕೊಟ್ಟೆವು. ಅಷ್ಟು ದಿನ ಅಡುಗೆಮನೆ, ಹಿಂದಿನ ರೂಮು, ಹಿತ್ತಲ ಬಾಗಿಲು, ಇಷ್ಟರಲ್ಲೇ ಸಂಸಾರ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಇರುವುದು ಒಂದೇ ಬಾಗಿಲಾದರೆ ಇದು ದೊಡ್ಡ ತೊಂದರೆ. ಸುಮ್ನೆ ಸಣ್ಣದು ಮಾಡಿ ಹೇಳಲಾರೆ.

ನೀರು ತೆಗೆದ ದಿನ ನೆಲ ನೋಡಿ ಮನಸ್ಸು ಕುಗ್ಗಿತು. ಅಲ್ಲಲ್ಲಿ ಬಿಳಿ ಮೋಡ ಕವಿದ ಹಾಗೆ ಮಂಕು. ಸಿಮೆಂಟಿನ ಸುಣ್ಣದ ಅಂಶ ತೇವದ ಜೊತೆ ಮೇಲೆ ಬಂದು ಹಾಗೆ ನಿಲ್ಲುತ್ತದೆ. ಪೂರ್ತಿ ಒಣಗುವವರೆಗೆ ಏನನ್ನೂ ಹಚ್ಚಬೇಡಿ ಎಂದು ಮೇಸ್ತ್ರಿ ಹೇಳಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಒರೆಸುತ್ತಾ ಅದು ಹೋಯಿತು. ಆಮೇಲೆ ಬಟ್ಟೆಗೆ ಸ್ವಲ್ಪವೇ ಕೊಬ್ಬರಿ ಎಣ್ಣೆ ಮುಟ್ಟಿಸಿ ಒರೆಸಿದೆವು, ಎರಡು ಮೂರು ತಿಂಗಳಾದ ಮೇಲೆ ಮೇಣದ ಪಾಲಿಶ್. ನಮ್ಮತ್ತೆಯ ಕಾಲದಲ್ಲಿ ಮ್ಯಾನ್ಷನ್ ಪಾಲಿಶ್ ಡಬ್ಬಿ ಮನೆಮನೆಯಲ್ಲೂ ಇರುತ್ತಿತ್ತಂತೆ. ಈಗ ನಡುಮನೆಯ ಮಧ್ಯದಲ್ಲಿ, ಎಲ್ಲರೂ ಓಡಾಡುವ ಕಡೆ, ಹೊಳಪು ಜಾಸ್ತಿ ಬಂದಿದೆ. ಸೋಫಾ ಪಕ್ಕದ ಮೂಲೆ ಇನ್ನೂ ಮಬ್ಬು. ಬಳಸಿದಷ್ಟೂ ಚೆನ್ನಾಗುವ ನೆಲ ಇದು. ಬೇಸಿಗೆಯ ಮಧ್ಯಾಹ್ನ ಚಾಪೆಯೂ ಇಲ್ಲದೆ ಮಲಗಿದರೆ ಆಗುವ ತಂಪಿಗೆ ಬೆಲೆ ಕಟ್ಟಲಾರೆ. ಬಿಳಿ ರಂಗೋಲಿಯಂತೂ ಇದರ ಮೇಲೆ ಎದ್ದು ಕಾಣುತ್ತದೆ. ಗೌರಿ ಹಬ್ಬಕ್ಕೆ ನಡುಮನೆಯಲ್ಲಿ ಎಳೆ ಬಿಟ್ಟಾಗ ಬಂದವರೆಲ್ಲ ಮೊದಲು ನೆಲವನ್ನೇ ಮಾತಾಡಿಸಿದರು.

ಕೊರತೆಗಳೂ ಇವೆ. ಅಡುಗೆಮನೆ ಬಾಗಿಲ ಹತ್ತಿರ ಕೂದಲೆಳೆಯಷ್ಟು ಸಣ್ಣ ಬಿರುಕು ಒಂದು ಬಂದಿದೆ. ಅದನ್ನು ಮುಚ್ಚಿಸಲು ಹೋಗಬೇಡಿ, ತೇಪೆಯ ಬಣ್ಣ ಎಂದೂ ಕೂಡುವುದಿಲ್ಲ. ಹುಳಿ ಬಿದ್ದರೆ ನೆಲ ಕೆಡುತ್ತದೆ. ನಿಂಬೆರಸ, ಹುಣಸೆಹುಳಿ, ಉಪ್ಪಿನಕಾಯಿ ಯಾವುದೇ ಇರಲಿ, ತಕ್ಷಣ ಒರೆಸದಿದ್ದರೆ ಆ ಜಾಗ ತಿಂದುಹೋಗಿ ಬಿಳಿಚಿಕೊಳ್ಳುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಹತ್ತಿರವೂ ಸುಳಿಯಬಾರದು. ಮಂಚ, ಕಬ್ಬಿಣದ ಕುರ್ಚಿ ಎಳೆದರೆ ಗೀಟು ಬೀಳುತ್ತದೆ, ಕಾಲಿಗೆ ರಬ್ಬರ್ ಬಿರಡೆ ಹಾಕಿಸಿ. ಈ ಕಾರಣಕ್ಕೇ ಅಡುಗೆಮನೆಗೆ ನಾವು ಇದನ್ನು ಹಾಕಿಸಲಿಲ್ಲ. ಅಲ್ಲಿಗೆ ಗ್ರಾನೈಟೇ ಸರಿ.

ಜಗಲಿಯದು ಬೇರೆಯದೇ ಲೆಕ್ಕ. ಹೊರಗಿನ ನೆಲ ಕನ್ನಡಿಯಷ್ಟು ನಯ ಇದ್ದರೆ ಮಳೆಯಲ್ಲಿ ಜಾರಿ ಬೀಳುವುದು ಖಂಡಿತ, ಅದರಲ್ಲೂ ಮನೆಯಲ್ಲಿ ವಯಸ್ಸಾದವರಿದ್ದರೆ. ಅದಕ್ಕೆ ಇಲ್ಲಿ ಕರಣೆ ಆಡಿಸುವುದನ್ನು ಬೇಗ ನಿಲ್ಲಿಸಿ, ಹಸಿಯಿರುವಾಗಲೇ ದಾರ ಒತ್ತಿ ಅಡ್ಡ ಉದ್ದ ಗೆರೆ ಎಳೆದು ಚೌಕಳಿ ಮಾಡಿದರು. ಹಳೇ ಜಗಲಿಗಳಲ್ಲಿ ಇದನ್ನು ನೋಡಿರುತ್ತೀರಿ. ಕಾಲಿಗೆ ಹಿಡಿತ ಸಿಗುತ್ತದೆ. ಕೂರುವ ಕಟ್ಟೆಯ ಮೇಲೂ ಇದೇ ಕೆಂಪು, ಅದರ ಅಂಚನ್ನು ಮಾತ್ರ ಗುಂಡಗೆ ತಿರುಗಿಸಿ ನಯ ಮಾಡಿದ್ದಾರೆ. ಈ ಗುಂಡು ಅಂಚು ನನಗೆ ಇಡೀ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟ. ಗ್ರಾನೈಟಿನಲ್ಲಿ ಮಾಡಿಸಿದ್ದರೆ ಕಲ್ಲಿನ ಸಂದು ಕಾಣುತ್ತಿತ್ತು, ಇಲ್ಲಿ ನೆಲವೂ ಕಟ್ಟೆಯೂ ಒಂದೇ ಮೈಯಾಗಿ ಎದ್ದು ಬಂದಿವೆ. ಹೂವಿನ ಕುಂಡಗಳನ್ನು ನೇರವಾಗಿ ನೆಲದ ಮೇಲೆ ಇಟ್ಟರೆ ಬಿಳಿ ಬಳೆ ಬೀಳುತ್ತದೆ, ಕೆಳಗೆ ತಟ್ಟೆ ಇಡಿ.

ಜಗಲಿಯ ಮಾಡಿಗೆ ಹಳೇ ಮಂಗಳೂರು ಹೆಂಚನ್ನೇ ಇಳಿಸಿ, ತೊಳೆದು, ಮತ್ತೆ ಹೊದಿಸಿದೆವು. ಒಡೆದವುಗಳ ಬದಲಿಗೆ ಹಳೇ ಸಾಮಾನಿನ ಅಂಗಡಿಯಲ್ಲಿ ಆರಿಸಿ ತಂದೆವು. ಅದರಲ್ಲಿ ಒಂದರ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂದು ಅಚ್ಚೊತ್ತಿತ್ತು. ಮಂಗಳೂರಿನಲ್ಲಿ 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದವರು ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಮಿಷನರಿಗಳೇ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣಿನಿಂದ ಹೆಂಚು ಮಾಡುತ್ತಿದ್ದರು. ಇಷ್ಟು ಕಾಲದ ಮೇಲೂ ಅದು ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ನಡುವೆ ಎರಡು ಗಾಜಿನ ಹೆಂಚು ಸೇರಿಸಿದ್ದರಿಂದ ಜಗಲಿಯ ಒಳಬದಿಗೂ ಬೆಳಕು ಬಂತು. ಹೆಚ್ಚೇನೂ ಖರ್ಚಿಲ್ಲದೆ ಆದ ದೊಡ್ಡ ಬದಲಾವಣೆ ಇದು. ಕೆಳಗಿನ ಕೆಂಪು, ಮೇಲಿನ ಹೆಂಚಿನ ಕೆಂಪು, ನಡುವೆ ಸುಣ್ಣದ ಬಿಳಿ ಗೋಡೆ. ಬೇರೆ ಅಲಂಕಾರವೇ ಬೇಕಾಗಲಿಲ್ಲ.

ದೇವರ ಮನೆಗೆ ಆತಂಗುಡಿ ಟೈಲ್ಸ್ ತರಿಸಿದೆವು. ತಮಿಳುನಾಡಿನ ಚೆಟ್ಟಿನಾಡು ಕಡೆ ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟು ಸುರಿದು ಕೈಯಲ್ಲೇ ಮಾಡುವ ಬಿಲ್ಲೆಗಳು, ಸುಡುವುದಿಲ್ಲ. ಬಹಳ ಚೆಂದ. ಆದರೆ ಬರುವ ದಾರಿಯಲ್ಲಿ ಕೆಲವು ಒಡೆದಿದ್ದವು, ಲೆಕ್ಕಕ್ಕಿಂತ ಹೆಚ್ಚಿಗೆ ತರಿಸಿ.

ಖರ್ಚಿನ ವಿಷಯ. ಕೂಲಿಯನ್ನು ಚದರಡಿ ಲೆಕ್ಕದಲ್ಲಿ ಮಾತಾಡಬೇಡಿ, ದಿನಗೂಲಿಯಲ್ಲೇ ಮಾತಾಡಿ. ಚದರಡಿ ಲೆಕ್ಕವಾದರೆ ಬೇಗ ಮುಗಿಸುವ ಆತುರ ಬರುತ್ತದೆ, ಈ ನೆಲಕ್ಕೆ ಆತುರವೇ ಶತ್ರು. ಸಾಮಾನು ನಾವೇ ತಂದುಕೊಟ್ಟೆವು. ಹಳೇ ನೆಲ ಕಿತ್ತು ಮಣ್ಣು ಸಾಗಿಸಿದ ಖರ್ಚೂ ಸೇರಿ, ನಡುತರದ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದರೆ ಆಗುತ್ತಿದ್ದಷ್ಟೇ ಆಯಿತು. ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಕ್ಸೈಡಿನಲ್ಲಿ ಅಗ್ಗದ್ದು ನೋಡಬೇಡಿ. ಒಳ್ಳೆಯ ಪುಡಿ ತಂದರೂ ಇಡೀ ಖರ್ಚಿನಲ್ಲಿ ಅದು ಸಣ್ಣ ಪಾಲು.

ಹಾಕಿಸುವ ಮನಸ್ಸಿದ್ದವರು ಮೇಸ್ತ್ರಿಯ ಹತ್ತಿರ ಕಡೇಪಕ್ಷ ಎರಡು ವರ್ಷ ಹಳೆಯದಾದ ನೆಲವನ್ನು ತೋರಿಸಿ ಎಂದು ಕೇಳಿ, ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡಿ. ಅಂಗೈಯಲ್ಲಿ ಒರೆಸಿ, ಕೆಂಪು ಹತ್ತುತ್ತದೆಯೇ ಗಮನಿಸಿ. ಕೆಲಸದ ದಿನ ಕರೆಂಟು ಹೋದರೆ ಬೆಳಕಿಗೆ ಏನು ಎಂದು ಮೊದಲೇ ಯೋಚಿಸಿ. ಬಾಡಿಗೆ ಮನೆಯವರು, ಗೃಹಪ್ರವೇಶಕ್ಕೆ ತಾರೀಖು ಗೊತ್ತು ಮಾಡಿಕೊಂಡವರು ಇದಕ್ಕೆ ಕೈಹಾಕುವುದು ಬೇಡ.

ನಮ್ಮ ಮುಂದಿನ ಸರದಿ ಹಿತ್ತಲ ಕಡೆಯ ಊಟದ ಕೋಣೆಯದು. ಅದಕ್ಕೆ ಹಸಿರು ಹಾಕಿಸುವ ಆಸೆ. ಮಾಮೂಲಿ ಬೂದು ಸಿಮೆಂಟಿನಲ್ಲಿ ಹಸಿರು ಮಂಕಾಗುತ್ತದೆ, ಬಿಳಿ ಸಿಮೆಂಟೇ ಬೇಕು ಎಂದು ಮೇಸ್ತ್ರಿ ಹೇಳಿದ್ದಾರೆ. ಅದರ ಖರ್ಚು ಇದಕ್ಕಿಂತ ಜಾಸ್ತಿ. ಅವರು ಬರುವುದು ದೀಪಾವಳಿ ಆದ ಮೇಲೆ.